ಹುಲ್ಲು ಉಳಿಸಲು ನಮ್ಮ ಬೀದಿ ಕೊಟ್ಟ ಐಡಿಯಾಗಳು

ನಮ್ಮ ಬೀದಿಯಲ್ಲಿ ಯಾರಾದರೂ ಊರಿಗೆ ಉಪಕಾರ ಮಾಡೋಣ ಅಂತ ಹೊರಟರೆ ಸಾಕು, ಆ ಉಪಕಾರ ಎಲ್ಲೆಲ್ಲೋ ಸುತ್ತಿಕೊಂಡು ಬಂದು ನಮ್ಮ ಮಾವನ ಕ್ಯಾಂಟೀನಿನಲ್ಲಿ ಕಾಫಿ ಕುಡಿದು, ತಮಾಷೆಯಾಗಿ ಆಚೆ ಹೋಗುತ್ತದೆ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಮಾವನನ್ನು ಕೇಳಿದರೆ ಎಲ್ಲದಕ್ಕೂ ನಾನೇ ಕಾರಣ ಅನ್ನುತ್ತಾರೆ. ಸುಳ್ಳು. ಅರ್ಧಕ್ಕೆ ಮಾತ್ರ ನಾನು ಕಾರಣ.

ಮೊದಲು ಜಾಗ ಹೇಳಿಬಿಡುತ್ತೇನೆ. ಚೆನ್ನೈನಲ್ಲಿ ನಮ್ಮ ಬೀದಿ ಮುಗಿಯುವ ಕಡೆ ಒಂದು ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಗೇಟು, ಗೇಟಿನ ಆಚೆ ಗಾಲ್ಫ್ ಮೈದಾನ. ಗಾಲ್ಫ್ ಅಂದ ಕೂಡಲೇ ಉದ್ದನೆಯ ಕಾರು, ಬಿಳೀ ಟೋಪಿ ಅಂದುಕೊಳ್ಳಬೇಡಿ. ಇದು ಸರ್ಕಾರಿ ಜಾಗದ ಸಾರ್ವಜನಿಕ ಮೈದಾನ, ಒಂಬತ್ತೇ ಗುಳಿ. ಯಾರು ಬೇಕಾದರೂ ಒಂದು ಕಾರ್ಡು ಮಾಡಿಸಿ ಆಡಬಹುದು. ಕಾರ್ಡು ಇದ್ದವರಿಗೆ ಮೆಂಬರ್ ಅಂತ ಹೆಸರು. ಮೆಂಬರುಗಳು ಮಾತ್ರ ಬೆರಳಲ್ಲಿ ಎಣಿಸುವಷ್ಟು. ಅವರಿಗೆಲ್ಲ ಬೋಂಡಾ, ಕಾಫಿ ಕೊಡುವುದು ನಮ್ಮ ಮಾವ, ಅಂದರೆ ಅಮ್ಮನ ಅಣ್ಣ. ಮಾವನಿಗೆ ತೊಂದರೆ ಕೊಡುವುದು ನಾನು. ಹತ್ತನೇ ಕ್ಲಾಸಿನ ಗಣಿತಕ್ಕೂ ನನಗೂ ಸರಿಹೋಗಲಿಲ್ಲ, ಅದಕ್ಕೆ ಕ್ಯಾಂಟೀನಿಗೆ ಬಂದೆ. ಓದಿದ್ದು ತಮಿಳು ಸ್ಕೂಲು. ಕನ್ನಡ ಬರೆಯಲು ಕಲಿಸಿದ್ದು ಅಜ್ಜಿ, ಹಳೇ ಪಂಚಾಂಗದ ಅಂಚಿನಲ್ಲಿ. ಇದರಲ್ಲಿ ತಪ್ಪೇನಾದರೂ ಕಂಡರೆ ಅಜ್ಜಿಯ ಹತ್ತಿರ ಜಗಳಕ್ಕೆ ಹೋಗಿ. ಹೋಗಿ ಗೆದ್ದು ಬಂದವರಿಲ್ಲ.

ಬೋಂಡಾ ಸಭೆ

ಹೋದ ವರ್ಷ ನೀರಿಲ್ಲದ ಬೇಸಿಗೆ. ಲಾರಿ ನೀರಿಗೆ ಬೀದಿ ತುಂಬ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿದ್ದವು. ಜನ ಮನೆಗೆ ಹೋಗಿ ಮಲಗುತ್ತಿದ್ದರು, ಕೊಡಗಳೇ ಅವರ ಜಾಗ ಕಾಯುತ್ತಿದ್ದವು. ಕುಡಿಯುವುದಕ್ಕೇ ಹೀಗಿರುವಾಗ ಗಾಲ್ಫ್ ಹುಲ್ಲಿಗೆ ಯಾರು ನೀರು ಕೊಡುತ್ತಾರೆ? ಮೈದಾನ ಹುರಿದ ರವೆಯ ಬಣ್ಣಕ್ಕೆ ಬಂತು.

ಒಂದು ಭಾನುವಾರ ಮೈದಾನದ ಸೆಕ್ರೆಟರಿ ಬೀದಿಯವರನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿದರು. ಸೆಕ್ರೆಟರಿ ರೈಲ್ವೆಯಲ್ಲಿ ರಿಟೈರ್ ಆದವರು, ಎಲ್ಲ ಮಾತನ್ನೂ ಪ್ಲಾಟ್‌ಫಾರಂ ಅನೌನ್ಸ್‌ಮೆಂಟಿನ ಹಾಗೇ ಹೇಳುತ್ತಾರೆ. ಅವರು ಹೇಳಿದ್ದು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಆಡಿ ಅಂದರೆ ತಮಿಳರ ಆಷಾಢ.

"ದಯವಿಟ್ಟು ಗಮನಿಸಿ. ಆಡಿ ತಿಂಗಳು ಮುಗಿಯೋದರೊಳಗೆ ಒಬ್ಬ ಆಫೀಸರ್ ಬಂದು ನೋಡ್ತಾರೆ. ಒಂದು, ಲಾರಿ ನೀರು, ಬೋರ್ ನೀರು ಮುಟ್ಟದೆ ಹುಲ್ಲು ಹಸಿರಾಗಿರಬೇಕು. ಎರಡು, ಸಾರ್ವಜನಿಕ ಮೈದಾನ ಅಂದ ಮೇಲೆ ಸಾರ್ವಜನಿಕರು ಬರ್ತಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಜಾಗ ವಾಪಸ್, ಇಲ್ಲಿ ಬಸ್ಸು ನಿಲ್ಲಿಸೋ ಶೆಡ್ಡು ಬರತ್ತೆ. ಅದಕ್ಕೆ ನೀವೆಲ್ಲ ಐಡಿಯಾ ಕೊಡಬೇಕು."

ಬೀದಿಯ ಜನಕ್ಕೆ ಐಡಿಯಾಕ್ಕೇನು ಬರ? ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಜವಳಿ ಅಂಗಡಿ ಇಟ್ಟಿರುವ ಯಜಮಾನರು, ಹಣೆ ತುಂಬ ವಿಭೂತಿ, ಎದ್ದು ನಿಂತರು. "ಹಸಿರು ಬಟ್ಟಿ ಹಾಸಿಬಿಡ್ರಿ. ಥಾನು ನಾ ಕೊಡ್ತೀನಿ. ನೀರೂ ಬ್ಯಾಡ, ಗೊಬ್ಬರಾನೂ ಬ್ಯಾಡ. ಬಣ್ಣ ಹೋಗಂಗಿಲ್ಲ."

ಎದುರುಮನೆ ಮಾಮಿ ಅಂದರು, "ಬರೀ ಹುಲ್ಲು ಯಾಕೆ? ಸೊಪ್ಪು ಹಾಕಿ. ಅದೂ ಹಸಿರೇ. ಹುಳಿಗಾದರೂ ಆಗತ್ತೆ."

ಹಾಲಿನ ಬೂತಿನವನು ಗಂಭೀರವಾಗಿ ಕೇಳಿದ, "ಒಂಬತ್ತು ಗುಳಿ ಯಾಕೆ ಸಾರ್? ಒಂದು ಗುಳಿ ಇಟ್ಟು ಅದನ್ನೇ ದೊಡ್ಡದಾಗಿ ತೋಡಿ. ಎಲ್ಲರ ಚೆಂಡೂ ಬೀಳತ್ತೆ, ಬೇಗ ಮನೆಗೆ ಹೋಗಬಹುದು, ಹುಲ್ಲೂ ಸವೆಯಲ್ಲ."

ಇಷ್ಟು ಹೊತ್ತಿಗೆ ಬೋಂಡಾ ಖಾಲಿಯಾಯಿತು. ಬೋಂಡಾ ಖಾಲಿಯಾದ ಕೂಡಲೇ ಸಾರ್ವಜನಿಕರೂ ಖಾಲಿಯಾದರು.

ಮಾವ ಮಾತ್ರ ಬಾಣಲೆಯ ಮುಂದೆ ಹಾಗೇ ನಿಂತಿದ್ದರು. ಮೈದಾನ ಹೋದರೆ ಕ್ಯಾಂಟೀನೂ ಹೋದಂತೆ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದರು, "ಇದೂ ಹೋಯಿತು ಅಂದರೆ ತ್ರಿಪ್ಲಿಕೇನಿನಲ್ಲಿ ಯಾವುದಾದರೂ ಮೆಸ್ಸಿಗೆ ಹೋಗಿ ಎಲೆ ಎತ್ತಬೇಕು ಕಣೋ ನಾನು."

ನನಗೆ ನಿಜವಾಗಿಯೂ ಪಾಪ ಅನ್ನಿಸಿತು. "ನೀವೊಬ್ಬರೇ ಯಾಕೆ ಮಾವ, ನಾನೂ ಜೊತೆಗೆ ಬರ್ತೀನಿ" ಅಂದೆ.

"ಬೇಡಪ್ಪ," ಅಂದರು ಮಾವ. "ನೀನು ಬಂದರೆ ಆ ಮೆಸ್ಸೂ ಮುಚ್ಚತ್ತೆ."

ಡೀಸೆಲ್ ಕುಡಿಯದ ಯಂತ್ರ

ಮೊದಲನೇ ಐಡಿಯಾ ನನ್ನದೇ. ಹುಲ್ಲು ಕತ್ತರಿಸುವ ಮೆಷೀನು ಡೀಸೆಲ್ ಕುಡಿದು ಹೊಗೆ ಬಿಡುತ್ತಿತ್ತು. ನಾನು ಅಂದೆ, "ಸಾರ್, ಮೇಕೆ ಬಿಡಿ. ಕತ್ತರಿಸೋದೂ ಅದೇ, ಗೊಬ್ಬರ ಹಾಕೋದೂ ಅದೇ."

ತಮಾಷೆಗೆ ಅಂದದ್ದು. ಸೆಕ್ರೆಟರಿ ಕಣ್ಣು ಮುಚ್ಚಿ ಯೋಚಿಸಿ, "ಈ ಆಟ ಹುಟ್ಟಿದ ದೇಶದಲ್ಲಿ ಹಿಂದೆ ಕುರಿಗಳೇ ಹುಲ್ಲು ಮೇಯ್ತಾ ಇದ್ದವಂತೆ" ಅಂದುಬಿಟ್ಟರು. ಮುಂದಿನ ವಾರ ವೇಳಚೇರಿ ಕಡೆಯಿಂದ ಒಬ್ಬ ತನ್ನ ಮೇಕೆಗಳನ್ನೆಲ್ಲ ಹೊಡೆದುಕೊಂಡು ಬಂದ.

ಬಂದ ಮೇಕೆಗಳು ಒಣ ಹುಲ್ಲನ್ನು ಮೂಸಿ ನೋಡಿದವು. ಆಮೇಲೆ ನೇರವಾಗಿ ಕ್ಯಾಂಟೀನಿನ ಹಿಂದೆ ಹೋಗಿ ಮಾವ ಎಸೆದ ಬಾಳೆ ಎಲೆ ತಿನ್ನಲು ಶುರು ಮಾಡಿದವು. ಅದರಲ್ಲಿ ಒಂದು ಹೋತ ಇತ್ತು, ಉದ್ದ ಗಡ್ಡ, ಮುಖದಲ್ಲಿ ಯಾವಾಗಲೂ ಏನೋ ಬೇಸರ. ಎಲೆಯ ಜೊತೆ ಎಲೆಗೆ ಅಂಟಿದ ಬೋಂಡಾ ಚೂರನ್ನೂ ತಿಂದಿತು. ಅಲ್ಲಿಗೆ ಅದರ ಜೀವನವೇ ಬದಲಾಯಿತು.

ಮೈದಾನದಲ್ಲಿ ದಿನಾ ಆಡುವವರು ಇಬ್ಬರು, ಒಬ್ಬರು ಕಣ್ಣಿನ ಡಾಕ್ಟರು, ಇನ್ನೊಬ್ಬರು ಆಡಿಟರು. ಯಾರ ಚೆಂಡು ಕಡಿಮೆ ಏಟಿಗೆ ಗುಳಿಗೆ ಬೀಳುತ್ತದೋ ಅವರು ಗೆದ್ದ ಹಾಗೆ. ಅವತ್ತು ನಾನು ಡಾಕ್ಟರ ಚೆಂಡಿಗೆ ಸ್ವಲ್ಪ ಬೆಲ್ಲ, ಸ್ವಲ್ಪ ಉಪ್ಪು ಸವರಿದ್ದೆ. ಯಾಕೆ ಅಂದರೆ, ಏನಾಗುತ್ತದೆ ನೋಡೋಣ ಅಂತ.

ಡಾಕ್ಟರು ಹೊಡೆದರು. ಚೆಂಡು ಎಂದಿನಂತೆ ಗುಳಿ ಬಿಟ್ಟು ಬೇರೆ ಎಲ್ಲೋ ಬಿತ್ತು. ಹೋತ ಬಂದು ನೆಕ್ಕಿತು, ಬಾಯಿಗೆ ಹಾಕಿಕೊಂಡಿತು, ನಡೆಯುತ್ತ ನಡೆಯುತ್ತ ಅಗಿಯಲು ನೋಡಿತು. ಇದು ಅಗಿಯುವ ಪದಾರ್ಥವಲ್ಲ ಅಂತ ಗೊತ್ತಾದಾಗ ಗುಳಿಯ ಪಕ್ಕದಲ್ಲೇ ಉಗುಳಿತು.

ಡಾಕ್ಟರು ಓಡಿ ಬಂದು ಮೆಲ್ಲಗೆ ತಟ್ಟಿ ಚೆಂಡನ್ನು ಗುಳಿಗೆ ಬೀಳಿಸಿ, "ಎರಡೇ ಏಟು" ಅಂದರು.

"ಹೇಗೆ ಎರಡು?" ಆಡಿಟರು ಬಿಡುವವರಲ್ಲ. "ನಡುವೆ ಮೇಕೆ ತಂದದ್ದು?"

"ಅದು ಮೇಕೆಯ ಏಟು. ಮೇಕೆ ಲೆಕ್ಕಕ್ಕೆ ಹಾಕಿ."

"ಹಾಕೋದು ಹೇಗೆ ಸಾರ್? ಮೇಕೆ ಮೆಂಬರ್ ಅಲ್ಲವಲ್ಲ."

ವಿಷಯ ಸೆಕ್ರೆಟರಿಯ ತನಕ ಹೋಯಿತು. ಅವರು ಎದ್ದು ನಿಂತು ತೀರ್ಪು ಕೊಟ್ಟರು. "ಮೆಂಬರ್ ಅಲ್ಲದವರು ಆಡುವಂತಿಲ್ಲ. ಮೇಕೆಗಳನ್ನು ವಾಪಸ್ ಕಳಿಸಿ."

ಎಲ್ಲವೂ ಹೋದವು. ಸಂಜೆ ನೋಡಿದರೆ ಹೋತ ಸಣ್ಣ ಗೇಟಿನಿಂದ ಒಳಗೆ ಬಂದು ಕ್ಯಾಂಟೀನಿನ ಹಿಂದೆ ನಿಂತಿದೆ. ಮೇಕೆಯವನು ಬಂದು ಎಳೆದ, ಬೈದ, ಕೊನೆಗೆ ಕೈ ಬಿಟ್ಟ. "ಸಾಮಿ, ಇವನು ನಿಮ್ಮ ಬೋಂಡಾಕ್ಕೆ ಬಿದ್ದುಹೋದ. ಇಟ್ಟುಕೊಳ್ಳಿ."

ಮಾವ ಹೋತದ ಮುಂದೆ ಒಂದು ಎಲೆ ಹಾಕಿದರು. "ಇರಲಿ ಬಿಡು," ಅಂದರು. "ಮೆಂಬರ್ ಅಲ್ಲದಿದ್ದರೂ ತಪ್ಪದೆ ದಿನಾ ಬರೋ ಗಿರಾಕಿ ಇವನೊಬ್ಬನೇ."

ಮಡಿ ನೀರು, ಮುಸುರೆ ನೀರು

ಎರಡನೇ ಐಡಿಯಾ ಸೆಕ್ರೆಟರಿಯದು, ನಿಜಕ್ಕೂ ಒಳ್ಳೆಯದು. ಕ್ಯಾಂಟೀನಿನಲ್ಲಿ, ಬೀದಿಯ ಮನೆಗಳಲ್ಲಿ ತೊಳೆದು ಚೆಲ್ಲುವ ನೀರೆಲ್ಲ ಪೈಪಿನಲ್ಲಿ ಬಂದು ಒಂದು ಗುಂಡಿಗೆ ಬೀಳಬೇಕು. ಗುಂಡಿಯಲ್ಲಿ ಜಲ್ಲಿ, ಇದ್ದಿಲು, ಮರಳು, ಮೇಲೆ ಕೆಂಪು ಹೂವಿನ ಕಲ್ವಾಳೆ ಗಿಡ. ಆ ಕಡೆಯಿಂದ ನೀರು ತಿಳಿಯಾಗಿ ಹುಲ್ಲಿಗೆ ಹೋಗಬೇಕು.

ತೊಂದರೆ ಬಂದದ್ದು ಅಜ್ಜಿಯಿಂದ. ಅಜ್ಜಿ ಅಂದರೆ ಮಾವನ ಅಮ್ಮ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಸಣ್ಣ ಗೇಟಿನಿಂದ ಒಳಗೆ ಬಂದು ಮೈದಾನ ದಾಟಿ ಆ ಕಡೆಯ ಹನುಮಂತನ ಗುಡಿಗೆ ಹೋಗುತ್ತಾರೆ. ಅವರ ದಾರಿ ಸರಿಯಾಗಿ ಒಂಬತ್ತನೇ ಗುಳಿಯ ಗ್ರೀನಿನ ಮೇಲೆ. ಗ್ರೀನು ಅಂದರೆ ಗುಳಿಯ ಸುತ್ತ ಚಾಪೆಯ ಹಾಗೆ ನುಣ್ಣಗೆ ಕತ್ತರಿಸಿದ ಹುಲ್ಲಿನ ವೃತ್ತ.

"ಆ ನೀರು ಎಲ್ಲಿಂದ ಬರತ್ತೋ?" ಅಂತ ನನ್ನನ್ನು ಕೇಳಿದರು.

ಸುಮ್ಮನೆ "ಪೈಪಿನಿಂದ" ಅನ್ನಬಹುದಿತ್ತು. ನನ್ನ ಬಾಯಿ ಹಾಗಲ್ಲ. "ಮುಸುರೆ ಪಾತ್ರೆ ತೊಳೆದದ್ದು ಅಜ್ಜಿ. ಮೆಂಬರುಗಳು ಎಂಜಲು ಕೈ ತೊಳೆದದ್ದು. ಆಮೇಲೆ ಬೀದಿಯವರ ಬಚ್ಚಲು, ಒಬ್ಬೊಬ್ಬರದಾಗಿ ಬೇಕಾದರೆ ಹೇಳ್ತೀನಿ."

"ಪೋರುಂ, ಸಾಕು," ಅಂದರು ಅಜ್ಜಿ. ಮರುದಿನ ಬೀದಿಯ ಅಷ್ಟೂ ಮಾಮಿಯರು ಅಜ್ಜಿಯ ಹಿಂದೆ ಗೇಟಿನಲ್ಲಿ ನಿಂತರು. ಮುಸುರೆ ನೀರು ಹರಿದ ಹುಲ್ಲಿನ ಮೇಲೆ ಕಾಲಿಡುವುದಿಲ್ಲ, ಪೈಪಿಗೆ ಜಾಗವನ್ನೂ ಕೊಡುವುದಿಲ್ಲ.

ಮಾವನ ಸ್ಥಿತಿ ನೋಡಬೇಕಿತ್ತು. ಈ ಕಡೆ ಸೆಕ್ರೆಟರಿ, ಆ ಕಡೆ ಹೆತ್ತ ತಾಯಿ. "ಅಮ್ಮ, ಹುಲ್ಲು ಒಣಗಿದರೆ ನನ್ನ ಹೊಟ್ಟೆ ಒಣಗತ್ತಮ್ಮ" ಅಂದರು.

ಅಜ್ಜಿ ಮಗನನ್ನು ನೋಡಿದರು, ಸೆಕ್ರೆಟರಿಯನ್ನು ನೋಡಿದರು. "ನೀರೆಲ್ಲಾ ಒಂದೇ ಅಂತ ಯಾರು ಹೇಳಿದ್ದು ನಿಮಗೆ? ಬೇರೆ ಬೇರೆ ಮಾಡಿ. ಪಾತ್ರೆ ತೊಳೆದದ್ದು, ಬಚ್ಚಲಿನದು ಎಲ್ಲಾ ಗುಂಡಿಗೆ ಬಿಟ್ಟು ದೂರದ ಹುಲ್ಲಿಗೆ ಹಾಯಿಸಿ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ದೇವರ ಅಭಿಷೇಕದ ನೀರು, ಅದನ್ನ ಕೊಡದಲ್ಲಿ ತಂದು ನಾನು ನಡೆಯೋ ಕಡೆ ಹಾಕಿ."

ನಾನು ತಮಿಳಿಗೆ ತಿರುಗಿಸಿ ಹೇಳಿದೆ. ಸೆಕ್ರೆಟರಿಗೆ ತಟ್ಟನೆ ಅರ್ಥವಾಯಿತು. "ಬ್ರಾಡ್ ಗೇಜ್ ಬೇರೆ, ಮೀಟರ್ ಗೇಜ್ ಬೇರೆ. ಸರಿ ಪಾಟಿ," ಅಂದರು. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ.

ಅಂದಿನಿಂದ ಬೀದಿಯ ಹೆಂಗಸರು ಗುಡಿಗೆ ಹೋಗುವಾಗ ಒಂದೊಂದು ಕೊಡ ತಂದು ಒಂಬತ್ತನೇ ಗ್ರೀನಿಗೆ ಸುರಿದು ಹೋಗುತ್ತಿದ್ದರು. ಅಕ್ಕಿ ತೊಳೆದ ನೀರು ಕುಡಿದು ಆ ಹುಲ್ಲು ಹೇಗೆ ಬಂತು ಅಂತೀರಿ, ಮುಟ್ಟಿದರೆ ರೇಷ್ಮೆ.

ಒಂದು ಬೆಳಿಗ್ಗೆ ಅಜ್ಜಿ ಅಲ್ಲಿ ಕಂಡದ್ದು ಆಡಿಟರ ಚರ್ಮದ ಬೂಟು. ಗಾಲ್ಫ್ ಬೂಟಿನ ಅಡಿಯಲ್ಲಿ ಜಾರದ ಹಾಗೆ ಮೊಳೆ ಇರುತ್ತದೆ. "ಅಭಿಷೇಕದ ನೀರು ಬಿದ್ದ ಜಾಗ ಕಣಪ್ಪಾ ಇದು" ಅಂದರು ಅಜ್ಜಿ. ಕನ್ನಡದಲ್ಲೇ ಅಂದದ್ದು. ಆಡಿಟರಿಗೆ ಕನ್ನಡ ಬರುವುದಿಲ್ಲ, ಆದರೂ ಕೂತು ಬೂಟು ಬಿಚ್ಚಿದರು.

ಮೈದಾನದ ಮೇಸ್ತ್ರಿ ನನ್ನ ಕಿವಿಯಲ್ಲಿ ಹೇಳಿದ, "ತಂಬಿ, ಮೊಳೆ ಬೂಟಿನಿಂದ ಗ್ರೀನು ಹಾಳಾಗತ್ತೆ, ಮೆಲ್ಲಗೆ ನಡೀರಿ ಅಂತ ವರ್ಷಗಟ್ಟಲೆ ಕೈ ಮುಗಿದೆ. ಒಬ್ಬರೂ ಕೇಳಲಿಲ್ಲ. ಪಾಟಿ ಕೈಯನ್ನೇ ಎತ್ತಲಿಲ್ಲ ನೋಡು."

ಆಡಿಟರ ಹಿಂದೆಯೇ ಡಾಕ್ಟರೂ ಬಿಚ್ಚಬೇಕಾಯಿತು. ಅವರು ಬಹಳ ಹೊತ್ತು ಹಿಂದೆ ಮುಂದೆ ನೋಡಿದರು. ಯಾಕೆ ಅಂತ ಬಿಚ್ಚಿದ ಮೇಲೆ ತಿಳಿಯಿತು. ನಮ್ಮದು ಒಂಬತ್ತು ಗುಳಿಯ ಮೈದಾನ ಅಂದುಕೊಂಡಿದ್ದೆವು. ಹತ್ತನೆಯದು ಡಾಕ್ಟರ ಕಾಲುಚೀಲದಲ್ಲಿತ್ತು.

ಚೆಂಡಿಗೆ ಒಂದು ಕಂತೆ

ಮಾಮಿಯ ಸೊಪ್ಪಿನ ಐಡಿಯಾವನ್ನು ಯಾರು ಮರೆತರೂ ಮಾಮಿ ಮರೆಯಲಿಲ್ಲ. ಮೈದಾನದ ಅಂಚಿನಲ್ಲಿ ಬರೀ ಕಳೆ ಬೆಳೆಯುವ ಜಾಗವಿತ್ತು. ಗುಂಡಿಯ ನೀರು ಅಲ್ಲಿಗೂ ಹೋಗುತ್ತಿತ್ತು. ಮನೆಗೊಂದು ಮಡಿಯ ಹಾಗೆ ಹಂಚಿಕೊಂಡು ಹರಿವೆ, ದಂಟು, ಹೊನಗೊನ್ನೆ ಹಾಕಿದರು. ಸೊಪ್ಪಿಗೇನು, ತಿಂಗಳೊಳಗೆ ಮೊಣಕಾಲೆತ್ತರ ನಿಂತಿತು. ಹೋತ ಆ ಕಡೆ ತಿರುಗಿಯೂ ನೋಡಲಿಲ್ಲ. ಬೋಂಡಾ ರುಚಿ ಕಂಡವನಿಗೆ ಹರಿವೆ ಯಾವ ಲೆಕ್ಕ?

ಆದರೆ ಡಾಕ್ಟರ ಚೆಂಡು ಮಾತ್ರ ದಿನಾ ಆ ಕಡೆಯೇ ಹೋಗುತ್ತಿತ್ತು. ಅವರು ಸೊಪ್ಪಿನ ಮಡಿಗೆ ಇಳಿದು ಕೋಲಿನಲ್ಲಿ ಕೆದಕುತ್ತಿದ್ದರೆ ಮಾಮಿ ಎಲ್ಲಿಂದಲೋ ಪ್ರತ್ಯಕ್ಷ.

"ಡಾಕ್ಟರ್, ನಿಮ್ಮ ಚೆಂಡು ಹುಡುಕಿ, ಬೇಡ ಅನ್ನಲ್ಲ. ಆದರೆ ಕಿತ್ತ ಗಿಡ ಇಲ್ಲಿ ಬಿಟ್ಟು ಹೋಗೋ ಹಾಗಿಲ್ಲ. ಮನೆಗೆ ತೊಗೊಂಡು ಹೋಗಿ ಅಡಿಗೆ ಮಾಡಿಸಿ. ಬೆಳೆದ ಸೊಪ್ಪು ಬಾಡಬಾರದು."

ಕಾನೂನು ಅಂದರೆ ಕಾನೂನು. ಒಂದೊಂದು ದಿನ ಚೆಂಡು ಕಣ್ಣಿಗೆ ಕಾಣುವ ಹಾಗೇ ಬಿದ್ದಿರುತ್ತಿತ್ತು. ಅಂಥ ದಿನ ನಾನು ಅದನ್ನು ಇನ್ನೊಂದು ಮಡಿಗೆ ಸರಿಸಿ ಇಡುತ್ತಿದ್ದೆ, ಅಲ್ಲಿ ದಂಟು ಚೆನ್ನಾಗಿ ಬಂದಿತ್ತು ಅಂತ. ಡಾಕ್ಟರು ಒಂದು ಕಂಕುಳಲ್ಲಿ ಗಾಲ್ಫ್ ಚೀಲ, ಇನ್ನೊಂದರಲ್ಲಿ ಸೊಪ್ಪಿನ ಕಂತೆ ಇಟ್ಟುಕೊಂಡು ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರು.

ಅವರ ಹೆಂಡತಿ ಮೊದಲೆಲ್ಲ ಈ ಆಟಕ್ಕೆ ಶಾಪ ಹಾಕುತ್ತಿದ್ದವರು. ಒಂದು ದಿನ ಅವರೇ ಕ್ಯಾಂಟೀನಿಗೆ ಬಂದರು. ಜಗಳಕ್ಕೆ ಬಂದರು ಅಂದುಕೊಂಡು ನಾನು ಹೋತದ ಹಿಂದೆ ಬಚ್ಚಿಟ್ಟುಕೊಂಡೆ. ಅವರು ಮಾವನ ಹತ್ತಿರ ಮೆಲ್ಲಗೆ ಹೇಳಿದರು.

"ನಾಳೆ ಮನೆಗೆ ನೆಂಟರು ಬರ್ತಾರೆ. ನಮ್ಮವರಿಗೆ ಸ್ವಲ್ಪ ಕೆಟ್ಟದಾಗಿ ಆಡೋಕೆ ಹೇಳ್ತೀರಾ?"

ಸಾರ್ವಜನಿಕರಿಗೆ ತರಬೇತಿ

ಹುಲ್ಲು ಹಸಿರಾಯಿತು. ಆದರೆ ಎರಡನೆಯ ಷರತ್ತು? ಆಡಿ ತಿಂಗಳು ಅರ್ಧ ಕಳೆದರೂ ಆಡುವವರು ಮಾತ್ರ ಆ ಬೆರಳೆಣಿಕೆಯವರೇ. ಮಾವನ ನಿದ್ದೆ ಹಾರಿಹೋಯಿತು. ಬೋಂಡಾಕ್ಕೆ ಉಪ್ಪು ಎರಡು ಸಲ ಹಾಕುತ್ತಿದ್ದರು, ಒಂದೊಂದು ದಿನ ಹಾಕುತ್ತಲೇ ಇರಲಿಲ್ಲ. ಹೋತ ಕೂಡ ಮುಖ ತಿರುಗಿಸಿತು.

ಸೆಕ್ರೆಟರಿ ಘೋಷಿಸಿದರು, "ಆಫೀಸರ್ ಬರೋ ದಿನ ಬೀದಿಯವರೆಲ್ಲ ಬಂದು ಆಡಬೇಕು. ಕೋಲು ನಿಮ್ಮ ನಿಮ್ಮದು."

ಬೀದಿಯಲ್ಲಿ ಗಾಲ್ಫ್ ಕೋಲು ಯಾರ ಮನೆಯಲ್ಲಿದೆ? ಹಾಲಿನ ಬೂತಿನವನು ಕೊಡೆ ತಂದ. ಮಾಮಿ ಪರದೆಯ ಮುರುಕು ಕಂಬಿ ತಂದರು. ಜವಳಿ ಯಜಮಾನರು ಬಟ್ಟೆ ಅಳೆಯುವ ಕಬ್ಬಿಣದ ಗಜ ತಂದು, "ಇದು ಸರ್ಕಾರಿ ಮುದ್ರೆ ಬಿದ್ದದ್ದು ನೋಡ್ರಿ, ಯಾವ ಆಫೀಸರೂ ತಕರಾರು ಎತ್ತಂಗಿಲ್ಲ" ಅಂದರು. ಕಲಿಸುವ ಕೆಲಸ ನನಗೆ ಬಂತು, ಯಾಕೆಂದರೆ ಆಟ ನೋಡುತ್ತ ಸುಮ್ಮನೆ ಕೂರುವುದರಲ್ಲಿ ನನ್ನಷ್ಟು ಅನುಭವ ಇನ್ನಾರಿಗೂ ಇರಲಿಲ್ಲ.

ಸರಿಯಾಗಿಯೇ ಕಲಿಸಿದೆ. ಒಂದೇ ಒಂದು ನಿಯಮ ನನ್ನ ಕಡೆಯಿಂದ ಸೇರಿಸಿದೆ. ಹೊಡೆಯುವ ಮೊದಲು ನಿಂತಲ್ಲೇ ಒಂದು ಸುತ್ತು ತಿರುಗಿ ಗುಳಿಯಲ್ಲಿರುವ ಬಾವುಟಕ್ಕೆ ಸಲಾಂ ಹೊಡೆಯಬೇಕು. ಎಲ್ಲರೂ ಶ್ರದ್ಧೆಯಿಂದ ತಿರುಗಿದರು, ಸಲಾಂ ಹೊಡೆದರು.

ದೂರದಲ್ಲಿ ಡಾಕ್ಟರು ನಿಂತು ನೋಡುತ್ತಿದ್ದರು. ಇಡೀ ಬೀದಿ ಹಾಗೆ ಮಾಡುತ್ತಿದೆ ಅಂದರೆ ಎಲ್ಲೋ ಹೊಸ ನಿಯಮ ಬಂದಿರಬೇಕು, ಕೇಳಿದರೆ ತನ್ನ ಮರ್ಯಾದೆ ಹೋಗುತ್ತದೆ ಅಂದುಕೊಂಡರೋ ಏನೋ. ಮರುದಿನ ಅವರೂ ಒಂದು ಸುತ್ತು ತಿರುಗಿ ಸಲಾಂ ಹೊಡೆದು ಬೀಸಿದರು. ಚೆಂಡು ಬಾಣದ ಹಾಗೆ ನೇರ ಹೋಯಿತು.

ಆ ವಾರವೆಲ್ಲ ಅವರ ಮನೆಯಲ್ಲಿ ಸೊಪ್ಪಿಲ್ಲ. ಹೆಂಡತಿ ಬಂದು ನನ್ನ ಕಿವಿ ಹಿಂಡಿ ಹೋದರು.

ಬೂಟು

ಆಫೀಸರ್ ಬಂದರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಮುಖ, ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಬೂಟು. ಮೊದಲು ಗುಂಡಿ ನೋಡಿದರು, ಕಲ್ವಾಳೆ ಗಿಡ ನೋಡಿದರು, ನೀರನ್ನು ಅಂಗೈಯಲ್ಲಿ ಹಿಡಿದು ಮೂಸಿದರು. ಸೊಪ್ಪಿನ ಮಡಿ ನೋಡಿದರು. "ಹುಲ್ಲು ಸರಿ," ಅಂದರು.

ಮಾವ ಅರ್ಧ ಉಸಿರು ಬಿಟ್ಟರು.

ಆಮೇಲೆ ಆಫೀಸರ್ ಮೈದಾನದ ಕಡೆ ತಿರುಗಿದರು. ಅಲ್ಲಿ ನಮ್ಮ ಇಡೀ ಬೀದಿ ಕೊಡೆ, ಕಂಬಿ, ಗಜ ಹಿಡಿದುಕೊಂಡು ಸುತ್ತು ತಿರುಗುತ್ತ ಸಲಾಂ ಹೊಡೆಯುತ್ತಿತ್ತು.

"ಇವರು ಯಾರು?"

"ಸಾರ್ವಜನಿಕರು ಸಾರ್," ಅಂದರು ಸೆಕ್ರೆಟರಿ.

"ದಿನಾ ಬರ್ತಾರಾ?"

ಸೆಕ್ರೆಟರಿ ಟೈಂ ಟೇಬಲ್ ಹುಡುಕುವವರ ಹಾಗೆ ಜೇಬು ತಡಕಿದರು. ಆಫೀಸರ್ ತಲೆ ಅಲ್ಲಾಡಿಸಿದರು. "ಕೂಡಿಸಿ ತಂದ ಜನ ಯಾರು, ತಾವಾಗಿ ಬಂದ ಜನ ಯಾರು ನನಗೆ ಗೊತ್ತಾಗತ್ತೆ ಸಾರ್. ಮಂತ್ರಿಗಳ ಸಭೆಗೆ ಎಷ್ಟು ಸಲ ಜನ ಕೂಡಿಸಿದ್ದೀನಿ. ಇವತ್ತು ಬೋಂಡಾ ಇದೆ, ಬಂದಿದ್ದಾರೆ. ನಾಳೆ?"

ಮಾವ ಕೈಯಲ್ಲಿದ್ದ ಬೋಂಡಾ ತಟ್ಟೆಯನ್ನು ಮೆಲ್ಲಗೆ ಟವೆಲ್ಲಿನ ಕೆಳಗೆ ಬಚ್ಚಿಟ್ಟರು. ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ತ್ರಿಪ್ಲಿಕೇನಿನ ಯಾವುದೋ ಮೆಸ್ಸಿನಲ್ಲಿ ಮಾವ ಬಗ್ಗಿ ಎಲೆ ಎತ್ತುವುದು ಕಣ್ಣ ಮುಂದೆ ಬಂತು.

"ಆ ಒಂಬತ್ತನೆಯದನ್ನೂ ನೋಡಿಬಿಡ್ತೀನಿ," ಅಂತ ಆಫೀಸರ್ ಗ್ರೀನಿನ ಹತ್ತಿರ ಹೋದರು. ಅಲ್ಲಿ ಅಜ್ಜಿ ನಿಂತಿದ್ದರು.

"ಬೂಟು," ಅಂದರು ಅಜ್ಜಿ.

ಮೀಸೆ ಒಂದು ಸಲ ಕುಣಿಯಿತು. ಆಮೇಲೆ ಅವರೂ ಬಗ್ಗಿ ಬಿಚ್ಚಿದರು. ಗುಡಿಗಳಿಗೆ ಹೋಗಿ ಅಭ್ಯಾಸವಿದ್ದ ಮನುಷ್ಯ. ಯಾರೂ ಎತ್ತಿಕೊಂಡು ಹೋಗದ ಹಾಗೆ ಎರಡೂ ಬೂಟಿನ ಲೇಸು ಸೇರಿಸಿ ಗಂಟು ಹಾಕಿ, ಹುಲ್ಲಿನ ಅಂಚಿನಲ್ಲಿ ಇಟ್ಟು, ಬರಿಗಾಲಲ್ಲಿ ಗ್ರೀನಿನ ಮೇಲೆ ಹೋದರು. ಒಂದು ಸುತ್ತು ನಡೆದರು. ಬಿಸಿಲಿನಲ್ಲಿ ಬಂದ ಕಾಲಿಗೆ ತಣ್ಣಗಾಗಿರಬೇಕು, ಇನ್ನೊಂದು ಸುತ್ತೂ ನಡೆದರು. ತಿರುಗಿ ಬಂದರೆ ಬೂಟಿಲ್ಲ.

ಎಲ್ಲರೂ ಕೆಳಗೆ ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಇದೊಂದು ಅನ್ಯಾಯ ನೋಡಿ, ಅವತ್ತು ನಾನು ಏನೂ ಮಾಡಿರಲಿಲ್ಲ.

ಆದರೆ ಬೆವರಿನ ಉಪ್ಪು ಯಾರಿಗೆ ಇಷ್ಟ ಅಂತ ನನಗೆ ಗೊತ್ತಿತ್ತು. ಮೆಲ್ಲಗೆ ಹಿಂದೆ ಸರಿದು ಕ್ಯಾಂಟೀನಿನ ಹಿಂದೆ ಓಡಿದೆ. ಹೋತ ಲೇಸನ್ನು ಮಾಲೆಯ ಹಾಗೆ ಕುತ್ತಿಗೆಗೆ ಸಿಕ್ಕಿಸಿಕೊಂಡು, ಒಂದು ಬೂಟನ್ನು ನೆಕ್ಕಿ ಮುಗಿಸಿ ಇನ್ನೊಂದನ್ನು ಜಗಿಯುತ್ತಿತ್ತು. ನಾನು ಬಾಳೆ ಎಲೆಯ ಕಟ್ಟನ್ನು ಎದೆಯ ಮುಂದೆ ಅಗಲವಾಗಿ ಹಿಡಿದು ಅದಕ್ಕೆ ಅಡ್ಡ ನಿಂತೆ. ಹಿಂದಿನಿಂದ ಕರ ಕರ ಸದ್ದು ಬರುತ್ತಲೇ ಇತ್ತು. ಸದ್ದು ಕೇಳಬಾರದು ಅಂತ ನಾನು ಕೆಮ್ಮುತ್ತಲೇ ಇದ್ದೆ.

ಅಲ್ಲಿ ನಡೆದದ್ದನ್ನು ಮಾವ ಆಮೇಲೆ ಹೇಳಿದರು. ಆಫೀಸರ್ ಬೇವಿನ ಮರದ ಕಟ್ಟೆಯ ಮೇಲೆ ಕೂತರು. ಕಾಲು ನೋಡಿಕೊಂಡರು. ಆಮೇಲೆ ಕೇಳಿದರು, "ಸೆಕ್ರೆಟರಿ ಸಾರ್, ಯಾವ ಗುಡಿಯ ಮುಂದೆ ಚಪ್ಪಲಿ ಕಳುವಾಗಲ್ಲ?"

ಸೆಕ್ರೆಟರಿ ಹೆದರಿ ಹೆದರಿ ಅಂದರು, "ಜನ ಬಾರದ ಗುಡಿಯ ಮುಂದೆ ಸಾರ್."

"ಅಷ್ಟೇ. ನನ್ನ ಸರ್ವೀಸಿನಲ್ಲಿ ಎಷ್ಟೋ ಪಾರ್ಕು, ಎಷ್ಟೋ ಗ್ರೌಂಡು ನೋಡಿದೆ. ತೋರಿಸೋದಕ್ಕೆ ಎಲ್ಲರೂ ಜನ ಕೂಡಿಸ್ತಾರೆ. ಚಪ್ಪಲಿ ಕಳ್ಳನನ್ನ ಯಾರೂ ಕೂಡಿಸಲ್ಲ. ಅವನು ಜನ ಸೇರೋ ಕಡೆ ಮಾತ್ರ ತಾನಾಗಿ ಬರ್ತಾನೆ. ಗಂಟು ಹಾಕಿಟ್ಟ ಬೂಟು ಹಗಲಲ್ಲೇ ಹೋಗಿದೆ ಅಂದರೆ, ಇಲ್ಲಿಗೆ ಜನ ದಿನಾ ಬರ್ತಾರೆ. ಅದರಲ್ಲಿ ಅನುಮಾನ ಇಲ್ಲ." ಎದ್ದು ನಿಂತರು. "ಮೈದಾನ ಇರಲಿ. ಆದರೆ ಇಲ್ಲೊಂದು ಚಪ್ಪಲಿ ಸ್ಟಾಂಡ್ ಮಾಡಿ, ಟೋಕನ್ ಕೊಡಿ."

ಮಾವ ತಮ್ಮ ಹವಾಯಿ ಚಪ್ಪಲಿಯನ್ನೇ ಬಿಚ್ಚಿ ಅವರ ಮುಂದಿಟ್ಟರು. ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಫೀಸರ್ ಅದು ತಮ್ಮ ಬೂಟಿನ ದುಃಖಕ್ಕೆ ಅಂದುಕೊಂಡು, "ಹೋಗಲಿ ಬಿಡಿ, ಹಳೇದು" ಅಂತ ಸಮಾಧಾನ ಮಾಡಿ ಹೊರಟರು.

ಚಪ್ಪಲಿ ಸ್ಟಾಂಡ್ ಬಂತು. ಟೋಕನ್ ಕೊಡುವ ಕೆಲಸ ನನ್ನದು. ಬರಿಗಾಲಲ್ಲಿ ತಣ್ಣನೆ ಹುಲ್ಲು ತುಳಿಯಬಹುದು ಅಂತ ಸುದ್ದಿ ಹಬ್ಬಿ ಸಂಜೆ ಸಂಜೆ ಜನ ನಿಜವಾಗಿಯೂ ಬರತೊಡಗಿದರು. ಒಂದು ಭಾನುವಾರ ಆಫೀಸರೂ ಬಂದರು, ಆಡಲಿಕ್ಕೆ. ಹೊಸ ಬೂಟು ನನ್ನ ಕೈಗೆ ಕೊಟ್ಟು, ಟೋಕನ್ ಜೇಬಿಗೆ ಹಾಕಿಕೊಂಡು, ಸೆಕ್ರೆಟರಿಯ ಜೊತೆ ಕಾಫಿಗೆ ಕ್ಯಾಂಟೀನಿಗೆ ಹೋದರು.

ನಮ್ಮ ಮಾವನಿಗೆ ಒಂದು ಗುಣ. ಯಾವ ವಸ್ತುವನ್ನೂ ದಂಡ ಮಾಡುವುದಿಲ್ಲ. ಬೂಟಿನಲ್ಲಿ ತಿನ್ನದೆ ಉಳಿದದ್ದು ಲೇಸು ಮಾತ್ರ. ಒಳ್ಳೆ ಗಟ್ಟಿ ಲೇಸು, ಎಸೆಯೋದು ಯಾಕೆ ಅಂತ ಅದರಲ್ಲಿ ಒಂದು ಗಂಟೆ ಪೋಣಿಸಿ ಹೋತದ ಕುತ್ತಿಗೆಗೆ ಕಟ್ಟಿದ್ದರು. ನನಗೂ ಗೊತ್ತಿರಲಿಲ್ಲ.

ಹೋತ ಗಂಟೆ ಅಲ್ಲಾಡಿಸುತ್ತ ಬಂದು ಆಫೀಸರ ಮುಂದೆಯೇ ನಿಂತಿತು. ಅವರು ಗಂಟೆ ನೋಡಿದರು. ಲೇಸು ನೋಡಿದರು. ಲೇಸಿನಲ್ಲಿ ತಾವು ಹಾಕಿದ ಗಂಟು ಹಾಗೇ ಇತ್ತು. ಹೋತದ ಮುಖ ನೋಡಿದರು, ಮಾವನ ಮುಖ ನೋಡಿದರು, ದೂರದಲ್ಲಿ ಹೊಸ ಬೂಟು ಹಿಡಿದು ನಿಂತ ನನ್ನ ಮುಖವನ್ನೂ ನೋಡಿದರು. ಮಾವ ಬೇಗ ಬೇಗ ಕಾಫಿ ಲೋಟವನ್ನು ಅವರ ಮುಂದೆ ಚಾಚಿದರು.

ಆಫೀಸರ್ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು.

"ಸೆಕ್ರೆಟರಿ ಸಾರ್, ಇವನು ಮೆಂಬರಾ?"

"ಇಲ್ಲ ಸಾರ್," ಅಂದರು ಸೆಕ್ರೆಟರಿ.

"ಮಾಡಿಬಿಡಿ," ಅಂದರು ಆಫೀಸರ್. "ನಾನು ರಿಪೋರ್ಟಿನಲ್ಲಿ ಬರೆದ ಸಾರ್ವಜನಿಕರು ಅಂದರೆ ಇವನೊಬ್ಬನೇ."